ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ಎದೆಯುರಿ

ಅನ್ನನಾಳವು ಜಠರವನ್ನು ಸೇರುವೆಡೆ ಸ್ನಾಯುವಿನ ಬಿಗಿಪಟ್ಟಿಯೊಂದಿದೆ. ಆಹಾರವನ್ನು ಕೆಳಕ್ಕೆ ಬಿಟ್ಟು, ಆಮ್ಲವು ಮೇಲೇರದಂತೆ ತಡೆಯುವುದು ಇದರ ಕಾರ್ಯ. ಬೊಜ್ಜಿನ ಒತ್ತಡದಿಂದ ಸ್ಥೂಲಕಾಯರಲ್ಲಿ ಈ ತಡೆಯು ಮೊದಲೇ ಸಡಿಲಗೊಂಡಿರುವುದುಂಟು.

‘ಸ್ಲೀವ್’ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನಾಕಾರದ ಕೊಳವೆಯನ್ನಾಗಿ ಮಾಡಲಾಗುತ್ತದೆ. ಸುಲಭವಾಗಿ ಹಿಗ್ಗಲಾರದ ಈ ಕೊಳವೆಯಲ್ಲಿ ಒತ್ತಡವೇರಿ ಆಮ್ಲವು ಅನ್ನನಾಳಕ್ಕೆ ನುಗ್ಗಬಹುದು. ತೂಕ ಇಳಿದ ಮೇಲೂ ಕೆಲವರಲ್ಲಿ ಎದೆಯುರಿ, ಹುಳಿತೇಗು, ರಾತ್ರಿಯ ಕೆಮ್ಮು ಹೊಸದಾಗಿ ತಲೆದೋರುವುದು ಹೀಗೆ. ಇದನ್ನು ‘ಗ್ಯಾಸ್’ ಎಂದು ಉಪೇಕ್ಷಿಸಿ, ವರ್ಷಗಟ್ಟಲೆ ಅಂಗಡಿಯಿಂದ ತಂದ ಮಾತ್ರೆಗಳನ್ನು ನುಂಗುವುದು ಸರ್ವಥಾ ಸಲ್ಲದು. ಸತತವಾಗಿ ಆಮ್ಲ ತಗುಲಿದ ಅನ್ನನಾಳದ ಒಳಪೊರೆಯು ಮಾರ್ಪಟ್ಟು, ಅಪರೂಪವಾಗಿ ಕ್ಯಾನ್ಸರಿಗೂ ಎಡೆಯಾಗಬಹುದು. ಉರಿಯೇ ಇಲ್ಲದವರಲ್ಲೂ ಇಂತಹ ಮಾರ್ಪಾಡು ಕಂಡುಬಂದಿರುವುದರಿಂದ, ವೈದ್ಯರು ಸೂಚಿಸಿದ ಎಂಡೋಸ್ಕೋಪಿಯನ್ನು ತಪ್ಪಿಸಬಾರದು.

ರಾತ್ರಿಯೂಟವನ್ನು ಮಲಗುವ 3 ಗಂಟೆ ಮೊದಲೇ ಮುಗಿಸುವುದು, ಮಂಚದ ತಲೆಭಾಗವನ್ನು ಎತ್ತರಿಸುವುದು, ಆಮ್ಲ ತಗ್ಗಿಸುವ ಔಷಧವನ್ನು ವೈದ್ಯರು ಹೇಳಿದಂತೆ ಸೇವಿಸುವುದು ಅನೇಕರಿಗೆ ಸಾಕಾಗುತ್ತದೆ. ಇದಕ್ಕೂ ಬಗ್ಗದಿದ್ದಲ್ಲಿ, ಕೊಳವೆಯ ಮೇಲ್ಭಾಗವನ್ನು ಪುಟ್ಟ ಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುವ ‘ರೂ-ಎನ್-ವೈ ಬೈಪಾಸ್’ ಬೇಕಾದೀತು. ಹೃದಯದ ಬೈಪಾಸಿಗೂ ಇದಕ್ಕೂ ಸಂಬಂಧವಿಲ್ಲ. ಮೊದಲಿನಿಂದಲೂ ತೀವ್ರ ಎದೆಯುರಿ ಇರುವವರಿಗೆ ಆರಂಭದಲ್ಲೇ ಈ ವಿಧಾನವನ್ನು ಸೂಚಿಸುವುದುಂಟು. ಆದ್ದರಿಂದ ಆ ತೊಂದರೆಯನ್ನು ಶಸ್ತ್ರವೈದ್ಯರಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು.