ಭೀಮನ ಮೇಲೆ ಮುನಿಯುವ ಮುನ್ನ

ಕಾರ್ಟೂನ್ ಹುಡುಗ ಛೋಟಾ ಭೀಮ್ ಹೈದರಾಬಾದಿನ ಮಣಿಕೊಂಡದ ಮಕ್ಕಳಿಗೆ ಊರಿನವನೇ. ಅವನನ್ನು ರೂಪಿಸಿದ್ದು ಅದೇ ನಗರದ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆ. 2008ರಲ್ಲಿ ಪೋಗೋ ವಾಹಿನಿಗೆ ಬಂದ.

ಗ್ರೀನ್ ಗೋಲ್ಡ್ ಸ್ಥಾಪಕ ರಾಜೀವ್ ಚಿಲಕ 2024ರ ಮೇ ತಿಂಗಳಲ್ಲಿ ಅವನನ್ನು ನಿಜ ನಟರೊಂದಿಗೆ ತೆರೆಗೆ ತಂದರು. ಯಜ್ಞ ಭಸೀನ್ ಭೀಮನಾದ, ಅನುಪಮ್ ಖೇರ್ ಗುರು ಶಂಭುವಾದರು. ಕಥೆ ಮಾತ್ರ 2012ರ ಅನಿಮೇಷನ್ ಚಿತ್ರದ್ದೇ: ದಮ್ಯಾನನ ಶಾಪ. ಗೆರೆಗಳಲ್ಲಿ ಸಲೀಸಾಗಿ ಹಾರುವ, ಲಾಡು ತಿಂದೊಡನೆ ಬಲ ಬರುವ ಹುಡುಗ ನಟನ ಮೈ ಹೊಕ್ಕರೆ ನಂಬಿಸುವುದು ಕಷ್ಟ. ಅಭಿಮಾನಿಗಳ ಅಳುಕು ಸುಮ್ಮನೆ ಹುಟ್ಟಿದ್ದಲ್ಲ.

ಹಾಗೆಂದು ಇಂಥ ಚಿತ್ರಗಳ ಪೋಸ್ಟರ್ ನೋಡಿಯೇ ತೀರ್ಪು ಕೊಡುವುದು ಬೇಡ. ಟ್ರೇಲರ್‌ನಲ್ಲಿ ಹೊಡೆದಾಟಕ್ಕಿಂತ ಮಾತುಕತೆಯನ್ನು ಗಮನಿಸುವುದು ಮೇಲು. ಪಾತ್ರ ಕೆಡುವುದು ಹೆಚ್ಚಾಗಿ ಅಲ್ಲೇ.

ನಟರೇ ಬೇಕೆಂದೂ ಇಲ್ಲ. 2025ರ ‘ಮಹಾವತಾರ ನರಸಿಂಹ’ ಅನಿಮೇಷನ್ನಾಗಿಯೇ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು ಗೆದ್ದಿತು.