ಮೌನದ ಪಾಠ: ಆರಂಭದಲ್ಲಿಯೇ ಸ್ತಬ್ಧವಾಗುವ ಕರ್ನೆಲ್ಲಿನ ದೋಷಶೋಧನೆ

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಬೊರಿವಲಿ ಮತ್ತು ಮೀರಾ ರೋಡ್‌ಗಳ ನಡುವಣ ನಿಲ್ದಾಣ ದಹಿಸರ್. ವಿರಾರಿನ ಕಡೆಗೆ ಹೊರಟ ಸ್ಲೋ ಲೋಕಲ್ ಗಾಡಿ ಬೊರಿವಲಿಯನ್ನು ಬಿಟ್ಟಿದೆ, ದಹಿಸರನ್ನು ಮುಟ್ಟಿಲ್ಲ ಎಂದಾದರೆ ಅಡಚಣೆ ಇವೆರಡರ ನಡುವೆ ಇದೆಯೆಂಬುದು ಸ್ಪಷ್ಟ. ಕೊನೆಯ ಸುದ್ದಿ ಬೊರಿವಲಿಯಿಂದ ಬಂದಿತೆಂದು ಅಲ್ಲಿ ಹುಡುಕುವುದು ವ್ಯರ್ಥ. ಗಣಕಯಂತ್ರದ ಕರ್ನೆಲ್ ಆರಂಭದಲ್ಲಿಯೇ ನಿಂತುಹೋದಾಗ ನಡೆಸುವ ದೋಷಶೋಧನೆಗೂ ಇದೇ ತರ್ಕ ಆಧಾರ.

ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಇದಕ್ಕೆ ಉತ್ತಮ ನಿದರ್ಶನ. ವಿದ್ಯುತ್ತು ಹರಿದೊಡನೆ ಯಂತ್ರದ ಫರ್ಮ್‌ವೇರ್ ಬಿಡಿಭಾಗಗಳನ್ನು ಪರೀಕ್ಷಿಸಿ ಬೂಟ್‌ಲೋಡರನ್ನು ಎಚ್ಚರಿಸುತ್ತದೆ. ಅದು ಕರ್ನೆಲನ್ನು ಸ್ಮೃತಿಗೆ ತುಂಬುತ್ತದೆ. ಕರ್ನೆಲ್ ಸ್ಮೃತಿ, ಗಡಿಯಾರ, ಸಾಧನಗಳನ್ನು ಕ್ರಮವಾಗಿ ಅಣಿಗೊಳಿಸಿ, ಮೂಲ ಕಡತವ್ಯವಸ್ಥೆಯನ್ನು ಜೋಡಿಸಿ, ಮೊದಲ ಪ್ರಕ್ರಿಯೆಗೆ ಚಾಲನೆ ನೀಡುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಾದರೂ ತಡೆಯುಂಟಾಗಬಹುದು.

ಎಲ್ಲ ಮೌನವೂ ಒಂದೇ ಬಗೆಯದಲ್ಲ. ಚಿತ್ರಸಾಧನದ ಚಾಲಕ ತಪ್ಪಿದಾಗ ಪರದೆ ಮಾತ್ರ ಕಪ್ಪಾಗಿ, ಒಳಗೆ ಕೆಲಸ ಸಾಗುತ್ತಿರಬಹುದು. ಇದನ್ನು 'ನೋಮೋಡ್‌ಸೆಟ್' ಸೂಚನೆಯಿಂದ ಪರೀಕ್ಷಿಸಬಹುದು. ಉತ್ತರಿಸದ ಸಾಧನಕ್ಕಾಗಿ ಕರ್ನೆಲ್ ಕಾಯುತ್ತಿರಬಹುದು. ಎರಡು ಕಾರ್ಯಗಳು ಪರಸ್ಪರರ ಬೀಗಕ್ಕಾಗಿ ಕಾದು ಎರಡೂ ನಿಂತಿರಬಹುದು.

ಆದ್ದರಿಂದ ಮೊದಲ ಕರ್ತವ್ಯ ಯಂತ್ರವನ್ನು ಮಾತನಾಡಿಸುವುದು. ಬೂಟ್‌ಲೋಡರಿನ ಸಾಲಿನಲ್ಲಿರುವ 'ಕ್ವಯೆಟ್' ಎಂಬ ಪದವನ್ನು ತೆಗೆದರೆ ಅಡಗಿದ್ದ ಸಂದೇಶಗಳು ಪರದೆಗೆ ಬರುತ್ತವೆ. ಪರದೆ ಸಿದ್ಧವಾಗುವ ಮೊದಲೇ ತಡೆಯುಂಟಾದರೆ 'ಅರ್ಲಿಪ್ರಿಂಟ್‌ಕೆ' ಸೂಚನೆಯೂ, ಸಂದೇಶಗಳನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುವ ಸೀರಿಯಲ್ ತಂತಿಯೂ ನೆರವಾಗುತ್ತವೆ. 'ಇನಿಟ್‌ಕಾಲ್ ಡೀಬಗ್' ಸೂಚನೆ ಕೊಟ್ಟರೆ ಆರಂಭದ ಪ್ರತಿಯೊಂದು ಕಾರ್ಯದ ಪ್ರವೇಶವೂ ನಿರ್ಗಮನವೂ ದಾಖಲಾಗುತ್ತವೆ. ಒಳಹೊಕ್ಕ ದಾಖಲೆಯಿದ್ದು ಹೊರಬಂದ ದಾಖಲೆ ಇಲ್ಲದ ಕಾರ್ಯವೇ ಪರಿಶೀಲನೆಗೆ ಮೊದಲು ಅರ್ಹ.

ಹಳೆಯ ಆವೃತ್ತಿ ಸರಿಯಾಗಿದ್ದು ಹೊಸದು ನಿಂತುಹೋದರೆ ಬೇರೊಂದು ಮಾರ್ಗವುಂಟು. ಕನ್ನಡ ವಿದ್ಯಾರ್ಥಿಗೆ ಅದು ಅಪರಿಚಿತವಲ್ಲ. ಓಲೆಪ್ರತಿಗಳನ್ನು ಹೋಲಿಸಿ, ಅಪಪಾಠವು ಪ್ರತಿಪರಂಪರೆಯ ಯಾವ ಹಂತದಲ್ಲಿ ನುಸುಳಿತೆಂದು ಗ್ರಂಥಸಂಪಾದಕ ನಿರ್ಣಯಿಸುವಂತೆಯೇ, ಇಲ್ಲಿ ಯಾವ ಬದಲಾವಣೆಯೊಂದಿಗೆ ದೋಷ ಬಂದಿತೆಂದು ಶೋಧಿಸಬೇಕು. 2005ರಲ್ಲಿ ಟೊರ್ವಾಲ್ಡ್ಸ್ ಆರಂಭಿಸಿದ 'ಗಿಟ್' ಸಾಧನದ 'ಬೈಸೆಕ್ಟ್' ಈ ಕೆಲಸಕ್ಕೆ ನೆರವಾಗುತ್ತದೆ. ಪ್ರತಿ ಸಲವೂ ನಡುವಣ ಆವೃತ್ತಿಯನ್ನು ಪರೀಕ್ಷಿಸಿ, ಉಳಿದವುಗಳಲ್ಲಿ ಅರ್ಧವನ್ನು ಕೈಬಿಡಲಾಗುತ್ತದೆ. ಹೀಗಾಗಿ 1000 ಬದಲಾವಣೆಗಳ ನಡುವೆ ತಪ್ಪನ್ನು ಗುರುತಿಸಲು ಸುಮಾರು 10 ಪರೀಕ್ಷೆಗಳು ಸಾಕು.

ಯಂತ್ರ ಏಳದಿದ್ದಾಗ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸುವ ಆತುರ ಸಹಜ, ಆದರೆ ಅಪಾಯಕರ. ಕರ್ನೆಲ್ ನಿಂತಿತೆಂದ ಮಾತ್ರಕ್ಕೆ ಡಿಸ್ಕಿನಲ್ಲಿರುವ ಬರಹಗಳು ನಾಶವಾಗಿರುವುದಿಲ್ಲ. ಇನ್ನೊಂದು ಮಾಧ್ಯಮದಿಂದ ಯಂತ್ರವನ್ನು ಆರಂಭಿಸಿ ಅವುಗಳನ್ನು ಬಹುಮಟ್ಟಿಗೆ ಓದಿಕೊಳ್ಳಬಹುದು. ಅಳಿಸಿದರೆ ಮಾತ್ರ ವರ್ಷಗಳ ಸಂಗ್ರಹವೂ ದೋಷದ ಸಾಕ್ಷ್ಯವೂ ಒಟ್ಟಿಗೆ ಹೋಗುತ್ತವೆ. ಅರ್ಥವಾಗದ ಓಲೆಯನ್ನು ಸಂಪಾದಕ ಸುಡುವುದಿಲ್ಲ. ದೋಷಶೋಧಕನಿಗೂ ಅದೇ ತಾಳ್ಮೆ ಬೇಕು.