ಗಿಡಗಂಟಿ ತೆಗೆದ ಮೇಲೆ, ಸಸಿ ನೆಡುವ ಮೊದಲು



ನಿಮ್ಮಲ್ಲಿ ಅನೇಕರ ಮನೆಯವರು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಒಂದೆರಡು ಎಕರೆ ನಂಬಿ ಬದುಕುವವರು. ಪಾಳು ಬಿದ್ದು ಬಳ್ಳಾರಿ ಜಾಲಿ, ಲಂಟಾನ ಬೆಳೆದ ಜಮೀನನ್ನು ಸಾಲ ಮಾಡಿ ಜೆಸಿಬಿಯಿಂದ ಹಸನು ಮಾಡಿಸಿ, ಅದೇ ವಾರ ಸಸಿ ನೆಟ್ಟವರನ್ನು ನಾನು ಕಂಡಿದ್ದೇನೆ. ಕೆಲವು ವಾರಗಳಲ್ಲೇ ಎಲೆ ಹಳದಿಯಾಗುತ್ತದೆ, 'ಈ ನೆಲವೇ ಸರಿಯಿಲ್ಲ' ಎಂಬ ಮಾತು ಬರುತ್ತದೆ. ಇದರ ಕಾರಣ ನಮ್ಮ ಜೀವಶಾಸ್ತ್ರದ ಪಾಠದಲ್ಲೇ ಇದೆ.

ಮರದ ಚೂರು, ಒಣಗಿದ ಬೇರುಗಳಲ್ಲಿ ಇಂಗಾಲ ಬಹಳ, ಸಾರಜನಕ ಅತಿ ಕಡಿಮೆ. ಅವು ಮಣ್ಣಿಗೆ ಸೇರಿದಾಗ ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಸಸಿ ಉಪವಾಸ ಬೀಳುತ್ತದೆ. ಹಾಗೆಂದು ಸುಟ್ಟರೆ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಆದ್ದರಿಂದ ಕಟ್ಟಿಗೆಯನ್ನು ಸೌದೆಗೆ ಎತ್ತಿಡಿ, ಸೊಪ್ಪನ್ನು ಗೊಬ್ಬರದ ಗುಂಡಿಗೆ ಹಾಕಿ. ಜಾಲಿಯ ಬುಡವನ್ನು ನೆಲಮಟ್ಟದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ. ಬುಡ ಅಗೆದೇ ತೆಗೆಯಬೇಕು. ಯಂತ್ರ ಬಳಸುವಾಗ ಮೇಲ್ಮಣ್ಣು ಬದುವಿಗೆ ಗುಡ್ಡೆಯಾಗದಂತೆ ನೋಡಿಕೊಳ್ಳಿ. ನೆಲದ ಫಲವತ್ತತೆಯೆಲ್ಲ ಹೆಚ್ಚಾಗಿ ಆ ಒಂದು ಗೇಣು ಮಣ್ಣಿನಲ್ಲೇ ಇರುತ್ತದೆ.

ಮುಂದಿನದು ಮಣ್ಣು ಪರೀಕ್ಷೆ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಟ್ಟು ಎಂಟು-ಹತ್ತು ಕಡೆ 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕೊಡಿ. ಎಲ್ಲಿ ಕೊಡಬೇಕೆಂದು ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿ. ಕೆಂಪು ಮಣ್ಣು, ಎರೆ ಮಣ್ಣು ಎರಡೂ ಒಂದೇ ಜಮೀನಿನಲ್ಲಿದ್ದರೆ ಮಾದರಿ ಬೇರೆ ಬೇರೆ ಇರಲಿ.

ಇನ್ನೊಂದು ಪ್ರಶ್ನೆಯನ್ನು ಊರ ಹಿರಿಯರಿಗೆ ಕೇಳಿ: ಇಲ್ಲಿ ಮೊದಲು ಏನು ಬೆಳೆಯುತ್ತಿದ್ದರು, ಪಾಳು ಬಿಟ್ಟದ್ದೇಕೆ? ನಮ್ಮ ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಅದು ತೋಟಗಳಿಂದ ಮರೆಯಾಗಲು ಒಂದು ದೊಡ್ಡ ಕಾರಣ ಪನಾಮಾ ಸೊರಗು ರೋಗ. ಅದನ್ನು ತರುವ ಫ್ಯುಸೇರಿಯಂ ಶಿಲೀಂಧ್ರ ಬಾಳೆ ಇಲ್ಲದಿದ್ದರೂ ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲದು. ಸೊರಗು ಬಂದ ನೆಲಕ್ಕೆ ಮತ್ತೆ ರಸಬಾಳೆ ಬೇಡ.

ಕೊನೆಯದು ಹಸಿರೆಲೆ ಗೊಬ್ಬರ. ಏಪ್ರಿಲ್ ಮಳೆಗೆ ಉತ್ತು ಸೆಣಬು ಅಥವಾ ಡಯಂಚ ಚೆಲ್ಲಿ. 45-50 ದಿನಕ್ಕೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತು, ಎರಡು-ಮೂರು ವಾರ ಕೊಳೆಯಲು ಬಿಡಿ. ಜೂನ್ ಕೊನೆಗೆ ನೆಲ ಸಿದ್ಧ, ಮುಂಗಾರು ಕೈತಪ್ಪುವುದಿಲ್ಲ. ಉಳುವ ಮುನ್ನ ಒಂದು ಗಿಡ ಕಿತ್ತು ಬೇರಿನ ಗಂಟನ್ನು ಕತ್ತರಿಸಿ ನೋಡಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ ಗಾಳಿಯ ಸಾರಜನಕವನ್ನು ಹಿಡಿದಿಡುತ್ತಿದೆ ಎಂದರ್ಥ. ಆ ಕೆಂಪೇ ನೀವು ಓದಿದ ಲೆಗ್‌ಹಿಮೋಗ್ಲೋಬಿನ್.

ಪಾಳು ನೆಲಕ್ಕೆ ಜೀವ ಕೊಡುವುದನ್ನು ಫಿಕ್‌ಹ್ ಗ್ರಂಥಗಳು 'ಇಹ್ಯಾಉಲ್ ಮವಾತ್' ಎನ್ನುತ್ತವೆ. ಸುತ್ತ ಕಲ್ಲು ನೆಟ್ಟು ಗುರುತು ಮಾಡಿದ ಮಾತ್ರಕ್ಕೆ ಅದು ಆಗದು, ನೆಲ ಫಲ ಕೊಡುವಂತಾಗಬೇಕು ಎಂಬುದು ಹನಫೀ ವಿದ್ವಾಂಸರ ಅಭಿಪ್ರಾಯ. ಮನೆಯಲ್ಲಿ ಯಾರಾದರೂ ಹೊಸ ಜಮೀನು ಹಸನು ಮಾಡುವ ಯೋಚನೆಯಲ್ಲಿದ್ದರೆ, ಜೆಸಿಬಿ ಕರೆಸುವ ಮೊದಲೇ ಈ ಪಾಠವನ್ನು ಅವರಿಗೆ ಓದಿ ಹೇಳಿ.